ಅಮ್ಮನ ಕಾಲೇಜು

ಕಾರ್ವರ್ಸ್ ಫಾಲ್ಸ್, ಮೇನ್
ಜನವರಿ ೧೧, ಭಾನುವಾರ

ಪ್ರೀತಿಯ ರೊವಿ,

ಇದು ಹಾಲ್‌ಸ್ಟೆಡ್ ಕಾಲೇಜಿನ ಪ್ರವೇಶ ವಿಭಾಗದ ಮುಖ್ಯಸ್ಥೆ ರೊವೀನಾ ಆಸ್ಗುಡ್ ಅವರಿಗೆ ಬರೆದ ಪತ್ರವಲ್ಲ. ಆ ಹೆಂಗಸಿನ ಮೇಲೆ ನನಗೆ ಈಗ ಕೆಟ್ಟ ಸಿಟ್ಟಿದೆ, ಮಾತು ಬಿಟ್ಟಿದ್ದೇನೆ. ಇದು ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ನಾಲ್ಕು ವರ್ಷ ನನ್ನ ಜೊತೆ ಇದ್ದು, ನನ್ನ ಉಣ್ಣೆಯ ಕಾಲುಚೀಲಗಳನ್ನು ಒಂದೊಂದಾಗಿ ನುಂಗಿಹಾಕಿದ ರೊವಿಗೆ. ಅವಳು ಇನ್ನೂ ಎಲ್ಲಾದರೂ ಬದುಕಿದ್ದರೆ ಇದನ್ನು ತಲುಪಿಸು.

ಫೋನ್ ಮಾಡಬಹುದಿತ್ತು, ನೀನು ಎತ್ತುವುದಿಲ್ಲ. ಅರ್ಜಿ ಓದುವ ಈ ತಿಂಗಳುಗಳಲ್ಲಿ ನೀನು ಯಾರ ಫೋನೂ ಎತ್ತುವುದಿಲ್ಲ ಅಂತ ನನಗೆ ಗೊತ್ತು. ಇಮೇಲ್ ಮಾಡಿದರೆ ನಿನಗಿಂತ ಮೊದಲು ನಿನ್ನ ಕಚೇರಿಯವರು ಓದುತ್ತಾರೆ. ಹಾಗಾಗಿ ನಿನ್ನ ಮನೆ ವಿಳಾಸಕ್ಕೆ, ಹಳೇ ಕಾಲದವರ ಹಾಗೆ, ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ನಿನ್ನೆ ಬೆಳಿಗ್ಗೆ ಮೊರೋ ಅವರ ಕೊಟ್ಟಿಗೆಯಲ್ಲಿ ಹಸುವೊಂದರ ಹೊಟ್ಟೆಯೊಳಗೆ ಕರು ಅಡ್ಡ ತಿರುಗಿ ಕೂತಿತ್ತು. ಭುಜದವರೆಗೆ ಕೈ ಹಾಕಿ ಅದನ್ನು ತಿರುಗಿಸಿ ಎಳೆದಿದ್ದೇನೆ. ಬಲಗೈ ಇನ್ನೂ ಪೆನ್ನು ಹಿಡಿಯಲು ಒಪ್ಪುತ್ತಿಲ್ಲ. ಕರು ಚೆನ್ನಾಗಿದೆ, ತಾಯಿಯೂ ಚೆನ್ನಾಗಿದೆ. ಚೆನ್ನಾಗಿಲ್ಲದ ತಾಯಿ ನಾನು.

ಐಡಾಳ ವಿಷಯ. ಬೇರೆ ಇನ್ನೇನು.

ಡಿಸೆಂಬರಿನಲ್ಲಿ ನಿಮ್ಮ ಉತ್ತರ ಬಂದ ಸಂಜೆ ನಾವು ಮೂವರೂ ಅಡುಗೆಮನೆಯ ಮೇಜಿಗೆ ಕೂತಿದ್ದೆವು. ಎರಿಕ್ ತನ್ನ ದೋಣಿ ರಿಪೇರಿ ಶೆಡ್ಡಿನಿಂದ ಬೇಗ ಬಂದು ಕೈಗೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡಿದ್ದ. ಕಂಪ್ಯೂಟರ್ ತೆರೆಯುವವಳು ಮಗಳು, ಇವನ ಕೈ ಯಾಕೆ ಶುದ್ಧ ಇರಬೇಕಿತ್ತೋ ಗೊತ್ತಿಲ್ಲ. ನಾನು ಚಾಕೊಲೇಟ್ ಕೇಕ್ ಮಾಡಿ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದೆ. ಐಡಾ ಓದಿದಳು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಅರ್ಜಿಯನ್ನು ತಡೆಹಿಡಿದಿದ್ದೇವೆ, ಮಾರ್ಚ್ ಕೊನೆಯಲ್ಲಿ ಮಿಕ್ಕವರ ಜೊತೆ ಮತ್ತೊಮ್ಮೆ ನೋಡುತ್ತೇವೆ. ಅವಳು ಮುಚ್ಚಳ ಮುಚ್ಚಿ, "ಸರಿ, ನಂಗೆ ಕೆಲಸಕ್ಕೆ ಹೊತ್ತಾಯ್ತು" ಅಂದು ಜಾಕೆಟ್ ತೆಗೆದುಕೊಂಡು ಹೊರಟುಹೋದಳು. ಊರಿನ ಸ್ಕೇಟಿಂಗ್ ಅಂಗಳದಲ್ಲಿ ಐಸು ನಯ ಮಾಡುವ ಗಾಡಿಯನ್ನು ಸಂಜೆ ಹೊತ್ತು ಅವಳೇ ಓಡಿಸುವುದು. ಕೇಕನ್ನು ಆ ವಾರವೆಲ್ಲ ನಾನೊಬ್ಬಳೇ ತಿಂದೆ.

ನನ್ನ ಮಗಳು ಅಂತ ಹೊಗಳುತ್ತಿಲ್ಲ ಕಣೇ. ಹೊಗಳುತ್ತಿದ್ದೇನೆ, ಸರಿ. ಕ್ಲಾಸಿಗೇ ಮೊದಲು. ನದಿಯಲ್ಲಿ ಹಳೇ ಕಾಗದದ ಮಿಲ್ಲಿನ ಕೆಳಗೆ ಕೆಸರಿನಲ್ಲಿ ಇನ್ನೂ ಏನೇನು ವಿಷ ಉಳಿದಿದೆ ಅಂತ ಎರಡು ಬೇಸಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮಾದರಿ ತೆಗೆದವಳು. ಅದನ್ನು ನೋಡೋಕೆ ರಾಜ್ಯದ ಅಧಿಕಾರಿಗಳೇ ಬಂದಿದ್ದರು. ಇವಳಿಗೆ ಮಾರ್ಚ್ ತನಕ ಕಾಯಿ ಅಂದಿರಿ.

ಟ್ರಿಪ್ ಹಾಲೋವೆಲ್‌ಗೆ ಕಾಯಿ ಅನ್ನಲಿಲ್ಲ. ಅವನಪ್ಪ ನಮ್ಮೂರ ವಕೀಲ. ಅಜ್ಜನದು, ಅಪ್ಪನದು, ಇವನದು ಮೂರೂ ಒಂದೇ ಹೆಸರು, ಮೂರನೆಯವನು ಅಂತ ಇವನನ್ನು ಟ್ರಿಪ್ ಅನ್ನುತ್ತಾರೆ. ಕಾಲೇಜೂ ಮೂವರಿಗೂ ಒಂದೇ. ಒಳ್ಳೆಯ ಹುಡುಗ, ಇಲ್ಲವೆನ್ನುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತು ಐಡಾಳ ಹತ್ತಿರ ಕೆಮಿಸ್ಟ್ರಿ ಹೇಳಿಸಿಕೊಂಡವನು, ನನ್ನ ಕೈಯಲ್ಲಿ ಲೆಕ್ಕವಿಲ್ಲದಷ್ಟು ಚೀಸ್ ಸ್ಯಾಂಡ್‌ವಿಚ್ ತಿಂದವನು. ಹೇಳಿಕೊಟ್ಟವಳು ಹೊಸ್ತಿಲ ಹೊರಗೆ, ಹೇಳಿಸಿಕೊಂಡವನು ಒಳಗೆ. ನನಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಅವನಮ್ಮ ಕ್ಯಾರೊ ಹಾಲೋವೆಲ್ ಹೋದ ವಾರ ಅಂಗಡಿಯಲ್ಲಿ ಸಿಕ್ಕಿದಳು. ಟ್ರಾಲಿಯನ್ನು ನನ್ನ ಟ್ರಾಲಿಗೆ ಅಡ್ಡ ಹಾಕಿ, ಸಾವಿನ ಮನೆಗೆ ಬಂದವಳ ಹಾಗೆ ನನ್ನ ತೋಳು ಹಿಡಿದಳು. "ಐಡಾ ಅಷ್ಟು ಬುದ್ಧಿವಂತೆ ಕಣೇ, ಅವಳು ಎಲ್ಲಿ ಹೋದ್ರೂ ಹೊಂದ್ಕೊಂಡು ಹೋಗ್ತಾಳೆ ಬಿಡು" ಅಂದಳು. ಹೊರಗೆ ಅವಳ ಕಾರಿನ ಹಿಂದಿನ ಗಾಜಿನಲ್ಲಿ ಹಾಲ್‌ಸ್ಟೆಡ್ ಸ್ಟಿಕ್ಕರು ಆಗಲೇ ಬಂದಿತ್ತು. ಗಂಡನ ಕಾಲದ ಹಳೆಯ ಸ್ಟಿಕ್ಕರನ್ನೂ ತೆಗೆದಿರಲಿಲ್ಲ, ಅದರ ಪಕ್ಕಕ್ಕೇ ಹೊಸದು. ನಾನು ಮನೆಗೆ ಬಂದು ನೋಡಿದರೆ ಹಾಲು ತರುವುದನ್ನೇ ಮರೆತಿದ್ದೆ.

ಇಷ್ಟಾದರೂ ಸುಮ್ಮನಿದ್ದೆ ರೊವಿ. ಐಡಾಳ ಕಡತವನ್ನು ನೀನು ಮುಟ್ಟುವಂತಿಲ್ಲ, ಪರಿಚಯದ ಮಕ್ಕಳ ಅರ್ಜಿ ಬಂದರೆ ಎದ್ದು ಹೊರಗೆ ಹೋಗಬೇಕು, ಬೇರೆಯವರು ಓದುತ್ತಾರೆ. ಈ ನಿಯಮ ನನಗೂ ಗೊತ್ತಿದೆ. ಓದುವವರಿಗೆ ಅವಳು ನನ್ನ ಮಗಳು ಅಂತ ಹೇಗೂ ಗೊತ್ತಿರುತ್ತದೆ, ಅರ್ಜಿಯಲ್ಲಿ ಇರುತ್ತದೆ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ನೀವು ಕೊಡುವ ತೂಕ ಏನಿದೆಯೋ ಅದು ಬಿದ್ದೇ ಬಿದ್ದಿರುತ್ತದೆ ಅಂದುಕೊಂಡಿದ್ದೆ. ನಿನ್ನೆ ತನಕ.

ನಿನ್ನೆ ನಮ್ಮ ಕಡೆಯ ಹಾಲ್‌ಸ್ಟೆಡ್ ಹಳೆಯ ವಿದ್ಯಾರ್ಥಿಗಳ ಹೊಸ ವರ್ಷದ ಊಟ. ಸರೋವರದ ಪಕ್ಕದ ಹೋಟೆಲಿನಲ್ಲಿ, ಯಾವತ್ತಿನ ಹಾಗೆ ಮೀನಿನ ಸೂಪು, ಯಾವತ್ತಿನ ಹಾಗೆ ಕಾಲೇಜಿನ ಹಾಡು, ಯಾವತ್ತಿನ ಹಾಗೆ ಎರಡನೇ ಚರಣ ಯಾರಿಗೂ ಬರುವುದಿಲ್ಲ. ಮೊರೋ ಕೊಟ್ಟಿಗೆಯಿಂದ ಸೀದಾ ಹೋಗಿದ್ದೆ, ಅಂಗಿ ಬದಲಿಸಿದ್ದರೂ ಹಸುವಿನ ವಾಸನೆ ಹೋಗಿರಲಿಲ್ಲ, ಪಕ್ಕದ ಕುರ್ಚಿ ಖಾಲಿಯೇ ಇತ್ತು. ಅಲ್ಲಿ ಬಂದು ಕೂತವರು ಹಾರ್ಲನ್ ಕ್ವಿಂಬಿ. ಸಮುದ್ರದ ಕಡೆಯ ಊರಿನವರು, ಹಲ್ಲಿನ ಡಾಕ್ಟರಾಗಿ ನಿವೃತ್ತರು, ಅರ್ಜಿ ಹಾಕಿದ ಮಕ್ಕಳನ್ನು ಕಾಲೇಜಿನ ಪರವಾಗಿ ಮಾತಾಡಿಸಿ ವರದಿ ಕಳಿಸುವ ಹಳೆಯ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅವರಿಗೆ ಮೂಗು ಅಷ್ಟು ಚುರುಕಿಲ್ಲ ಅಂತ ಕಾಣುತ್ತದೆ.

ಅವರು ತಾವಾಗಿಯೇ ಶುರು ಮಾಡಿದರು. "ಈ ವರ್ಷ ನಿಮ್ಮೂರಿನ ಒಂದು ಹುಡುಗೀನ ಮಾತಾಡಿಸ್ದೆ. ಲುಂಡ್‌ಗ್ರೆನ್ ಅಂತ. ಇಷ್ಟು ವರ್ಷದಲ್ಲಿ ಅಂಥಾ ಹುಡುಗೀನ ನೋಡಿಲ್ಲ ನಾನು. ನದಿ ಕೆಸರಿನ ಬಗ್ಗೆ ಒಂದು ಗಂಟೆ ಮಾತಾಡಿದ್ಲು, ನಂಗೆ ಕಾಫಿ ಕುಡಿಯೋದೇ ಮರೆತುಹೋಯ್ತು."

ನನ್ನ ಹೆಸರು ಪೆಲ್ಟಿಯರ್, ಅವಳದು ಅವಳಪ್ಪನ ಹೆಸರು, ಅವರಿಗೆ ಹೇಗೆ ಗೊತ್ತಾಗಬೇಕು. ಎದೆಯುಬ್ಬಿಸಿಕೊಂಡು, ನನ್ನ ಮಗಳೇ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದುವರಿಸಿದರು. "ಅದರಲ್ಲೂ ಅವರ ಮನೆಯಿಂದ ಇಂಥಾ ಕಾಲೇಜಿಗೆ ಅರ್ಜಿ ಹಾಕಿದೋಳು ಅವಳೇ ಮೊದಲು ಅನ್ಸುತ್ತೆ. ನಿಮ್ಮನೇಲಿ ಯಾರಾದ್ರೂ ಹಾಲ್‌ಸ್ಟೆಡ್‌ನೋರು ಇದ್ದಾರೇನಮ್ಮ ಅಂತ ಕೇಳ್ದೆ. ನಮ್ಮಜ್ಜ ಕಾಗದದ ಮಿಲ್ಲಲ್ಲಿದ್ರು ಸಾರ್ ಅಂದ್ಲು. ಎಷ್ಟು ಸರಳ ನೋಡಿ."

ಸರಳವಂತೆ. ಆ ಹುಡುಗಿಯ ಸರಳತೆಯನ್ನು ಹದಿನೇಳು ವರ್ಷದಿಂದ ಸಾಕಿದವಳು ನಾನು. ಅವಳು ಸುಳ್ಳು ಹೇಳಿಲ್ಲ, ಗಮನಿಸು. ನಮ್ಮಪ್ಪ ಮಿಲ್ಲಿನಲ್ಲೇ ಇದ್ದದ್ದು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಕೇಳದ ಪ್ರಶ್ನೆಗೆ ನಿಜ ಹೇಳಿ ಮುಗಿಸಿದ್ದಾಳೆ.

ನಾನು ಏನೂ ಹೇಳಲಿಲ್ಲ. ಸೂಪು ಕುಡಿದೆ. ಮನೆಗೆ ಬಂದು ಅವಳ ಅರ್ಜಿಯ ಪ್ರತಿ ತೆಗೆದು ನೋಡಿದೆ. ನನ್ನ ಹೆಸರಿನ ಮುಂದೆ ಪಶುವೈದ್ಯ ಕಾಲೇಜನ್ನು ಮಾತ್ರ ತುಂಬಿದ್ದಾಳೆ, ಅದಕ್ಕೆ ಮೊದಲಿನ ಹಾಲ್‌ಸ್ಟೆಡ್‌ನ ನಾಲ್ಕು ವರ್ಷ ಇಲ್ಲವೇ ಇಲ್ಲ. ನಾನು ಆ ನಾಲ್ಕು ವರ್ಷ ಆಕಾಶದಲ್ಲಿ ತೇಲುತ್ತಿದ್ದೆ ಅಂತ ನಿಮ್ಮವರು ಅಂದುಕೊಂಡಿರಬೇಕು.

ಈಗ ನಾನು ಕೇಳುವುದು ಇಷ್ಟೇ. ಸಹಾಯ ಅಂತ ಅಲ್ಲ, ಒಂದು ತಪ್ಪನ್ನು ತಿದ್ದು ಅಂತ. ಅವಳ ಕಡತ ಯಾರ ಹತ್ತಿರ ಇದೆಯೋ ಅವರ ಮೇಜಿನ ಪಕ್ಕ ಹೋಗುವಾಗ ಒಂದು ಮಾತು ಹೇಳು: ಈ ಹುಡುಗಿಯ ತಾಯಿ ನಮ್ಮವಳೇ. ಅಷ್ಟು ಸಾಕು. ಅದು ನಿಜ ತಾನೇ? ನಿಜ ಹೇಳುವುದಕ್ಕೆ ಯಾವ ನಿಯಮ ಅಡ್ಡ ಬರುತ್ತದೆ? ನಿಯಮದ ಮಾತಾಡಬೇಡ. ಅವಳು ಹುಟ್ಟಿದಾಗ ಹಾಲ್‌ಸ್ಟೆಡ್‌ನ ಹಸಿರು ಬಣ್ಣದ, ಅಂಗೈ ಅಗಲದ ಸ್ವೆಟರ್ ಕಳಿಸಿದವಳು ನೀನು. ಅವಳು ಕಾಲೇಜು ಮುಗಿಸಬೇಕಾದ ಇಸವಿಯನ್ನು ಎದೆಯ ಮೇಲೆ ಬಿಳಿ ದಾರದಲ್ಲಿ ಹೆಣೆಸಿದ್ದೆ. ನಿಮ್ಮ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಹಾಗೇ ಮಾಡುತ್ತಾರಂತೆ, ನಮ್ಮ ಮನೆಯಲ್ಲಿ ಅದೇ ಮೊದಲು. ನಮ್ಮಪ್ಪ ಅದನ್ನು ಕೈಯಲ್ಲಿ ಹಿಡಿದು, ಇಷ್ಟು ದೂರದ ಇಸವಿಯನ್ನು ಅಂಗಿ ಮೇಲೆ ಬರೆಯುವ ಧೈರ್ಯ ಯಾರಿಗಿರುತ್ತದೆ ಅಂತ ಬೆರಗಾಗಿ ನೋಡಿದ್ದರು. ಅದು ಇನ್ನೂ ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ.

ಹಳೆಯ ವಿದ್ಯಾರ್ಥಿಗಳ ಜೂನ್ ತಿಂಗಳ ಕೂಟದಲ್ಲಿ ನೀನು ನನಗೆ ಹೇಳಿದ್ದೆ, ಮನೆಯವರು ಓದಿದ್ದರೆ ಅದು ತಕ್ಕಡಿಯ ಮೇಲೆ ಇಡುವ ಒಂದು ಗರಿ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ ಅಂತ. ಸರಿ. ಆ ಗರಿಯನ್ನು ನನ್ನ ಮಗಳಿಗೂ ಇಡು.

ಇವತ್ತಿಗೆ ನಿಲ್ಲಿಸುತ್ತೇನೆ. ಅಂಚೆ ಚೀಟಿ ಮುಗಿದಿದೆ, ನಾಳೆ ತಂದು ಹಾಕುತ್ತೇನೆ.

ಜನವರಿ ೧೫, ಗುರುವಾರ

ಅಂಚೆ ಚೀಟಿ ತಂದು ಮೂರು ದಿನವಾಯಿತು. ಪತ್ರ ಹಾಕಿಲ್ಲ.

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಐಡಾಳನ್ನು ಕೇಳಿಯೇಬಿಟ್ಟೆ. ಕ್ವಿಂಬಿಯವರ ವಿಷಯ, ಅರ್ಜಿಯ ವಿಷಯ, ಎರಡೂ. ಮುಖ ಸಪ್ಪೆ ಮಾಡಿಕೊಂಡು ತಪ್ಪಾಯಿತು ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಆಲೂಗೆಡ್ಡೆಗೆ ಬೆಣ್ಣೆ ಹಚ್ಚುವುದನ್ನೂ ನಿಲ್ಲಿಸಲಿಲ್ಲ.

"ಹೌದು. ಬೇಕಂತಲೇ ಬಿಟ್ಟೆ" ಅಂದಳು.

"ಯಾಕೆ? ನಿನ್ನಮ್ಮ ಅಲ್ಲಿ ಓದಿದ್ದು ನಾಚಿಕೆಗೇಡಾ?"

"ನಿಂಗೇ ಗೊತ್ತಲ್ಲಮ್ಮ ಯಾಕೆ ಅಂತ. ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೂ ಟರ್ಕಿ ಕೊಯ್ಯೋಕೆ ಮುಂಚೆ ಆ ಬಟ್ಟೆ ಕಥೆ ಯಾರು ಹೇಳೋದು? ನಾನಾ?"

ನಿನಗೂ ನೆನಪಿದೆಯಲ್ಲ ಆ ಬಟ್ಟೆ. ನಿನ್ನ ಹಾಸಿಗೆಯ ಮೇಲುಹೊದಿಕೆ ಅದು, ಒಳ್ಳೆಯ ಲಿನನ್, ನಿಮ್ಮಮ್ಮ ಕಳಿಸಿದ್ದು. ನಾವು ಓದುತ್ತಿದ್ದಾಗ, ಜೂನ್ ಕೂಟದ ಮೆರವಣಿಗೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ವರ್ಷದ ಪ್ರಕಾರ ಸಾಲಾಗಿ, ಹುಲ್ಲಿನ ಟೋಪಿ ಹಾಕಿಕೊಂಡು, ಎಲ್ಮ್ ಮರಗಳ ದಾರಿಯಲ್ಲಿ ಹಾಡುತ್ತಾ ಬರುವಾಗ ನಾವಿಬ್ಬರೂ ದಾರಿಗೆ ಅಡ್ಡ ಕೂತೆವು. ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ: ಅಪ್ಪನ ಹೆಸರು ಅಂಕಪಟ್ಟಿ ಅಲ್ಲ. ಆ ಮುದುಕರು ನಮ್ಮನ್ನು ದಾಟಿಕೊಂಡು, ಹಾಡು ನಿಲ್ಲಿಸದೆ, ಎರಡು ಪಾಲಾಗಿ ಆಚೆ ಈಚೆ ಹೋದರು. ನಿಮ್ಮಪ್ಪ ಮಾತ್ರ ನಿಂತು, ಟೋಪಿ ತೆಗೆದು, "ಬಣ್ಣ ಇನ್ನೂ ಹಸಿ ಇದೆ ಮಗಳೇ, ಫ್ರಾಕು ಜೋಪಾನ" ಅಂದು ಮುಂದೆ ನಡೆದರು. ನೀನು ಅವರ ಬೆನ್ನಿಗೆ ಕೂಗಿದೆ. ನಾನು ಹೆದರಿಕೊಂಡು ಸುಮ್ಮನೆ ಕೂತಿದ್ದೆ. ಥ್ಯಾಂಕ್ಸ್‌ಗಿವಿಂಗ್ ಕಥೆಯಲ್ಲಿ ಕೂಗಿದವಳು ನಾನು, ಅದೊಂದು ತಿದ್ದುಪಡಿ ಮಾಡಿಕೊಂಡಿದ್ದೇನೆ.

ಐಡಾ ಕೇಳಿದಳು, "ಅದು ಬರೀ ಕಥೆನಾ ಅಮ್ಮ? ಊಟಕ್ಕೆ ಮುಂಚೆ ಹೇಳೋ ಪ್ರಾರ್ಥನೆ ಥರ?"

ಆಗ ನನಗೆ ನೆತ್ತಿಗೇರಿತು. ರೊವಿ, ನಿನಗೆ ಬರೆಯುತ್ತೇನೆ, ಅವಳಿಗೆ ನಾನು ಇದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಲಿಲ್ಲ, ಕಿರುಚಿದೆ. ನಿಮ್ಮಂಥವರ ಮನೆಗಳು ನಾಲ್ಕು ತಲೆಮಾರು ಉಂಡು, ಕೈ ತೊಳೆದು, ಬಾಯಿ ಒರೆಸಿಕೊಂಡ ಮೇಲೆ, ನಮ್ಮ ಪಂಕ್ತಿ ಕೂರುವ ಹೊತ್ತಿಗೆ ಊಟ ಮಾಡುವುದೇ ತಪ್ಪು ಅಂತ ತೀರ್ಮಾನ ಆಯಿತಾ? ನಮ್ಮ ವಂಶದಲ್ಲಿ ಮಕ್ಕಳಿಗೆ ಬಿಟ್ಟುಹೋಗುವಂಥದ್ದು ಅಂತ ಯಾರ ಹತ್ತಿರ ಏನಿತ್ತು? ನಮ್ಮಪ್ಪ ಕೆಮ್ಮು ಬಿಟ್ಟುಹೋದರು. ನನ್ನ ಹತ್ತಿರ ಮೊದಲನೇ ಸಲ ಒಂದಿತ್ತು, ಒಂದು ಹೆಸರು, ಅಲ್ಲಿ ಒಳಗೆ ಹೋಗಿ ಬಂದವಳು ಅನ್ನುವ ಹೆಸರು. ಅದನ್ನು ತೆಗೆದುಕೋ ಅಂತ ಕೈ ಚಾಚಿದರೆ ಇವಳು ಬೇಡ ಅಂತಾಳೆ. ಕ್ಯಾರೊ ಹಾಲೋವೆಲ್‌ಗೆ ತನ್ನ ಮಗ ಬೇಡ ಅಂದಾನು ಅನ್ನುವ ಭಯ ಒಂದು ದಿನವಾದರೂ ಬಂದಿರುತ್ತದೆಯೇ?

ಟ್ರಿಪ್ ಹೆಸರು ಎತ್ತಿದ್ದೇ ತಪ್ಪಾಯಿತು. ಐಡಾ ಚಾಕು ಕೆಳಗಿಟ್ಟಳು.

"ಟ್ರಿಪ್ ಹೋದ ವಾರ ಐಸ್ ಹತ್ರ ಬಂದಿದ್ದ. ನಾನು ಗಾಡಿ ನಿಲ್ಸೋ ತನಕ ಕಟಕಟೆ ಹಿಡ್ಕೊಂಡು ನಿಂತಿದ್ದ. ಏನೋ ಅಂದೆ. ಸೀಟ್ ಸಿಕ್ತು ಅಂದಾಗ ಒಬ್ರೂ 'ಹೌದಾ' ಅನ್ಲಿಲ್ಲ ಕಣೇ ಅಂದ. ಅಜ್ಜ ಅನ್ಲಿಲ್ಲ, ಮೇಷ್ಟ್ರು ಅನ್ಲಿಲ್ಲ, ಯಾರೂ ಅನ್ಲಿಲ್ಲ. ಎಲ್ರೂ 'ಗೊತ್ತಿತ್ತು ಬಿಡು' ಅಂದ್ರಂತೆ. ಅವನು ಆ ಕೆಮಿಸ್ಟ್ರಿಗೆ ಎಷ್ಟು ಒದ್ದಾಡಿದಾನೆ ಅಂತ ನಂಗೊಬ್ಬಳಿಗೇ ಗೊತ್ತು. ಇನ್ಯಾರಿಗೂ ಗೊತ್ತಾಗೋದೇ ಬೇಕಿಲ್ಲ ಈಗ."

ಬೆಣ್ಣೆ ಬಟ್ಟಲನ್ನು ಆಚೆ ತಳ್ಳಿ ಅಂದಳು, "ನಂಗೆ ಯಾರಾದ್ರೂ 'ಹೌದಾ' ಅನ್ಬೇಕಮ್ಮ. ಇಲ್ಲ ಅಂದ್ರೂ ಪರವಾಗಿಲ್ಲ, ಅದು ನನಗೇ ಹೇಳಿದ ಇಲ್ಲ ಆಗಿರ್ಲಿ. ಅಷ್ಟೇ ಕೇಳ್ತಿರೋದು."

ಎರಿಕ್ ಇಷ್ಟೂ ಹೊತ್ತು ಬಟಾಣಿ ತಿನ್ನುತ್ತಿದ್ದ. ಅವಳು ಎದ್ದು ಹೋದ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ, "ಮಗಳು ನಿನ್ನ ಹಾಗೇ ಆದ್ಲು ಅಂತ ಸಿಟ್ಟೋ, ಆಗ್ಲಿಲ್ಲ ಅಂತ ಸಿಟ್ಟೋ? ಯಾವುದು ಅಂತ ಹೇಳಿದ್ರೆ ನಾನೂ ಸ್ವಲ್ಪ ಸಿಟ್ಟು ಮಾಡ್ಕೊಬಹುದು" ಅಂದ. ಅವನ ಮೇಲೂ ರೇಗಿದೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಪೈಕಿ ಅಲ್ಲ, ನಿನಗೆ ಗೊತ್ತಲ್ಲ.

ಮಾರನೇ ದಿನ ಮೂರು ನಾಯಿಗೆ ಸೂಜಿ ಚುಚ್ಚಿ, ಒಂದು ಕುದುರೆಯ ಗೊರಸು ನೋಡಿ, ಹಿಮ ತೆಗೆಯದ ರಸ್ತೆಯಲ್ಲಿ ಗಾಡಿ ಸಿಕ್ಕಿಸಿಕೊಂಡು ಕೂತಿದ್ದಾಗ ನೀನು ನೆನಪಾದೆ. ಮುಖ್ಯಸ್ಥೆಯಲ್ಲ, ರೊವಿ. ಹಾಸ್ಟೆಲಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ. ಭಾನುವಾರ ಬೆಳಿಗ್ಗೆ, ಬಟ್ಟೆ ಒಣಗಿಸುವ ಯಂತ್ರದ ಬಿಸಿಗೆ ಬೆನ್ನು ಕೊಟ್ಟು ಕೂತಿದ್ದೆವು. ನಿನಗೆ ಆ ಟರ್ಮಿನ ಅತ್ಯುತ್ತಮ ಪ್ರಬಂಧ ಅಂತ ಬಹುಮಾನ ಬಂದಿತ್ತು, ನಾನು ಬಾಯಿ ತುಂಬ ಹೊಗಳುತ್ತಿದ್ದೆ. ನೀನು ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟೆ. ಹಾಸ್ಟೆಲಿನ ಊಟದ ಕೋಣೆಯಲ್ಲಿ ನಿನ್ನ ಮುತ್ತಜ್ಜನ ಚಿತ್ರ ಇತ್ತು, ದಿನಾ ಅವರ ಮೂಗಿನ ಕೆಳಗೆ ಕೂತು ನೀನು ಗಂಜಿ ತಿನ್ನಬೇಕಿತ್ತು. "ನೀನಾದ್ರೆ ನಿನ್ನ ಕಾಲ ಮೇಲೆ ನಡ್ಕೊಂಡು ಬಂದೆ ಅಂತ ನಿಂಗೆ ಗೊತ್ತು ಕೊಲೆಟ್. ನನ್ನನ್ನ ಎತ್ಕೊಂಡು ಬಂದ್ರೋ, ನಾನೇ ನಡೆದ್ನೋ, ನಂಗೆ ಸಾಯೋ ತನಕ ಗೊತ್ತಾಗಲ್ಲ. ಯಾರನ್ನ ಕೇಳ್ಲಿ ಹೇಳು?" ಅಂದೆ ನೀನು.

ಆಗ ನನಗೆ ಒಳಗೊಳಗೇ ನಗು ಬಂದಿತ್ತು, ಇವತ್ತು ಹೇಳುತ್ತೇನೆ. ಹೊಟ್ಟೆ ತುಂಬಿದವರ ಅಳು ಅಂದುಕೊಂಡೆ. ಕೈಯಲ್ಲಿದ್ದ ಕಾಲುಚೀಲವನ್ನೇ ಕಣ್ಣೊರೆಸಿಕೊಳ್ಳೋಕೆ ಕೊಟ್ಟೆ, ಅದೂ ವಾಪಸ್ ಬರಲಿಲ್ಲ. ಟ್ರಿಪ್ ಕಟಕಟೆ ಹಿಡಿದು ನಿಂತ ಕಥೆ ಕೇಳಿದ ಮೇಲೆ ಆ ಅಳು ಏನು ಅಂತ ಈಗ ಅರ್ಥವಾಗುತ್ತಿದೆ. ನಿಧಾನ ಬುದ್ಧಿ ನನ್ನದು.

ಆದರೂ ನಿನ್ನನ್ನು ಹಾಗೇ ಬಿಡುವುದಿಲ್ಲ. ಆ ಅಳು ಅತ್ತವಳು ನೀನು, ಈಗ ಆ ಕುರ್ಚಿಯಲ್ಲಿ ಕೂತವಳೂ ನೀನೇ. ಕೂತು ಎಷ್ಟು ವರ್ಷವಾಯಿತು? ಈ ಪದ್ಧತಿ ಯಾವಾಗ ತೆಗೆಯುತ್ತೀಯ ಅಂತ ಪ್ರತಿ ಸಲ ಕೇಳಿದಾಗ ಟ್ರಸ್ಟಿಗಳು ಅನ್ನುತ್ತೀಯ, ಸಮಿತಿ ಅನ್ನುತ್ತೀಯ, ಸ್ವಲ್ಪ ತಾಳು ಅನ್ನುತ್ತೀಯ. ಅದು ನಿಜಕ್ಕೂ ಗರಿಯೇ ಆಗಿದ್ದರೆ ಊದಿ ಆಚೆ ಹಾಕು, ಯಾರಿಗೂ ಏನೂ ನಷ್ಟವಿಲ್ಲ. ಕಲ್ಲಾಗಿದ್ದರೆ ಕಲ್ಲು ಅಂತ ಒಪ್ಪಿಕೋ. ಗರಿ ಗರಿ ಅನ್ನುತ್ತಾ ಎರಡು ಕೈಯಲ್ಲಿ ಹಿಡಿದು ನಿಂತಿದ್ದೀಯಲ್ಲ, ಅದನ್ನು ನೋಡಿಯೇ ನನಗೆ ರೇಜಿಗೆಯಾಗುವುದು. ನಿಮ್ಮಪ್ಪನ ಬೆನ್ನಿಗೆ ಕೂಗಿದವಳು ಎಲ್ಲಿ ಹೋದಳು? ನಾನಂತೂ ಕೂಗಿದವಳಲ್ಲ, ನನ್ನಿಂದ ಆಗಿದ್ದು ಇಷ್ಟೇ. ನಿನ್ನಿಂದ ನಾನು ಹೆಚ್ಚು ನಿರೀಕ್ಷಿಸಿದ್ದೆ.

ಸರಿ, ತೀರ್ಮಾನ. ಭಾನುವಾರ ಮೇಲೆ ಕೇಳಿದ್ದನ್ನು ಮರೆತುಬಿಡು. ಯಾರ ಮೇಜಿನ ಹತ್ತಿರವೂ ಹೋಗಬೇಡ, ಯಾರಿಗೂ ಏನೂ ಹೇಳಬೇಡ. ಐಡಾ ಹೇಗೆ ನಿಂತಿದ್ದಾಳೋ ಹಾಗೇ ನಿಂತಿರಲಿ. ನಿನ್ನೆ ಬೆಳಿಗ್ಗೆ ಅವಳು ಬೂಟು ಹಾಕಿಕೊಳ್ಳುವಾಗ ಹೇಳಿದೆ, ರೊವಿಗೆ ನಾನು ಏನೂ ಹೇಳುವುದಿಲ್ಲ, ನಿನ್ನಿಷ್ಟದಂತೆ ಆಗಲಿ ಅಂತ. ಅವಳು ಒಂದು ಕಾಲಿನ ಬೂಟಿನಲ್ಲೇ ಕುಂಟಿಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು. ಹನ್ನೆರಡನೇ ವಯಸ್ಸಿನಿಂದ ಈಚೆಗೆ ಅವಳು ಹಾಗೆ ಅಪ್ಪಿಕೊಂಡಿರಲಿಲ್ಲ.

ಮೊದಲಿನ ಹಾಳೆಗಳನ್ನು ಹರಿದು ಹಾಕಿ ಇದನ್ನಷ್ಟೇ ಕಳಿಸಬಹುದಿತ್ತು. ಕಳಿಸಿದರೆ ನಾನು ಥ್ಯಾಂಕ್ಸ್‌ಗಿವಿಂಗ್ ಕಥೆಯ ಕೊಲೆಟ್ ಆಗಿಬಿಡುತ್ತೇನೆ. ಇಡೀ ಓದು, ಓದಿ ಒಲೆಗೆ ಹಾಕು.

ಬೇಸಿಗೆಯಲ್ಲಿ ಬಾ. ಸೀಟು ಸಿಗಲಿ ಬಿಡಲಿ, ನೀನು ಬರಲೇಬೇಕು. ಎರಿಕ್ ನಿನಗೋಸ್ಕರ ದೋಣಿಗೆ ಹೊಸ ಬೆಂಚು ಹಾಕಿದ್ದಾನೆ, ಹಳೆಯದರ ಮೊಳೆ ನಿನಗೆ ಚುಚ್ಚಿತ್ತು ಅಂತ ಇನ್ನೂ ನೆನಪಿಟ್ಟುಕೊಂಡಿದ್ದಾನೆ.

ಕಾಲುಚೀಲಗಳಿಗೆ ಇನ್ನೂ ಕಾಯುತ್ತಿರುವ
ಕೊಲೆಟ್

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನಾನು ಸೂಪು ಕುಡಿದು ಸುಮ್ಮನಿದ್ದೆ ಅಂತ ಮೇಲೆ ಬರೆದಿದ್ದೇನಲ್ಲ, ಅದು ನಿಜವಲ್ಲ. ಊಟ ಮುಗಿದ ಮೇಲೆ ಕೋಟು ನೇತುಹಾಕುವ ಕೋಣೆಯಲ್ಲಿ ಕ್ವಿಂಬಿಯವರನ್ನು ತಡೆದು ನಿಲ್ಲಿಸಿ ಎಲ್ಲಾ ಹೇಳಿದೆ. ಐಡಾ ನನ್ನ ಮಗಳು, ನಾನು ಹಾಲ್‌ಸ್ಟೆಡ್‌ನವಳು, ನೀನು ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ಕೊನೆಯದನ್ನು ಹೇಳುವ ಅಗತ್ಯವೇ ಇರಲಿಲ್ಲ, ಹೇಳಿದೆ. ಪತ್ರ ಬರೆಯಲು ಕೂತಿದ್ದು ಅದಾದ ಮಾರನೇ ದಿನ, ಒಬ್ಬರಿಗೆ ಹೇಳಿದ್ದು ಸಾಲದು ಅಂತ. ಇವತ್ತು ಮಧ್ಯಾಹ್ನ ಅವರು ಫೋನ್ ಮಾಡಿದ್ದರು, ಪಾಪ, ಬಹಳ ಖುಷಿಯಲ್ಲಿದ್ದರು. "ಅವತ್ತೇ ಸಾಯಂಕಾಲ ಬರೆದು ಕಳಿಸ್ಬಿಟ್ಟೆ ಡಾಕ್ಟ್ರೇ. ನಿಮ್ಮ ಮಗಳು ಅಂತ ಗೊತ್ತಾಗಿ ಅವರೂ ತುಂಬಾ ಸಂತೋಷಪಟ್ರು" ಅಂದರು. ಅವರು ಅಂದರೆ ನಿನ್ನ ಕಚೇರಿಯವರು. ಓದಿಯಾಗಿದೆ. ಈಗ ಅದನ್ನು ನೀನೂ ಅಳಿಸಲಾರೆ, ಅವರಿಗೆ ಮರೆಸಲಾರೆ. ಐಡಾಳಿಗೆ ಇದು ಗೊತ್ತಿಲ್ಲ. ನಿನ್ನೆ ಸಂಜೆ ಅವಳೇ ಪೆಟ್ಟಿಗೆಯಿಂದ ಆ ಹಸಿರು ಸ್ವೆಟರನ್ನು ಹುಡುಕಿ ತೆಗೆದು ಫ್ರಿಜ್ಜಿನ ಬಾಗಿಲಿಗೆ ತೂಗು ಹಾಕಿದ್ದಾಳೆ. "ಇನ್ನು ಇದು ಹೊರಗಿರ್ಬಹುದು ಅಮ್ಮ. ಒಳಗೆ ಹೋದ್ರೆ ನಾನೇ ಹೋಗಿದ್ದು ಅಂತ ನಂಗೆ ಗೊತ್ತಿರುತ್ತೆ" ಅಂದಳು. ಕಾಫಿಗೆ ಹಾಲು ಬೇಕಾದಾಗಲೆಲ್ಲ ನಾನು ಅದನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿ ಬಾಗಿಲು ತೆಗೆಯುತ್ತಿದ್ದೇನೆ.